ಸೊನ್ನೆ ಪಾಯಿಂಟ್ ಸೊನ್ನೆ ಆರು

ಇಳಕಲ್ಲಿನಲ್ಲಿ ಕರೆಂಟು ಹೋದರೂ
ಗೋಡೆಯಾಚೆ ಸಾವಂತ್ರವ್ವನ ಕೈ ನಿಲ್ಲುವುದಿಲ್ಲ.
ನನ್ನ ಲ್ಯಾಪ್‌ಟಾಪಿಗೆ ಇನ್ನು ನಲವತ್ತು ನಿಮಿಷದ ಜೀವ,
ಮುಂದೆ ಇಪ್ಪತ್ಮೂರು ಪುಟದ ಪ್ರಬಂಧ:
ತಂತ್ರಾಂಶವನ್ನು ಜನ ಹೇಗೆ ನಂಬುತ್ತಾರೆ,
ಅದನ್ನು ಕಟ್ಟುವವರನ್ನು ಬೈಗುಳ ಹೇಗೆ ಓಡಿಸುತ್ತದೆ.

ಏಳನೆಯ ಪುಟದಲ್ಲಿ ಹದಿನಾಲ್ಕನೆಯವರು ಬರುತ್ತಾರೆ.
ಹೆಸರಿಲ್ಲ, ಊರಿಲ್ಲ, ಗಂಡೋ ಹೆಣ್ಣೋ ಹೇಳಿಲ್ಲ.
ಒಂಬತ್ತು ವರ್ಷ ಪುಕ್ಕಟೆ ಕಾಯ್ದಿದ್ದರಂತೆ
ತಾರೀಖು ಲೆಕ್ಕ ಹಾಕುವ ಒಂದು ಪುಟ್ಟ ಕೋಡು.
ಬ್ಯಾಂಕು, ಬಸ್ಸಿನ ಟಿಕೇಟು, ಆಸ್ಪತ್ರೆಯ ಚೀಟಿ
ಅದರ ಮೇಲೆಯೇ ನಿಂತಿದ್ದವು,
ಯಾರೂ ಕೆಳಗೆ ನೋಡಿರಲಿಲ್ಲ.
ಒಂದು ಮಂಗಳವಾರ ಬಿಟ್ಟುಹೋದರು.
ಕಾರಣ ಒಂದೇ ಸಾಲು:
'ಬೆಳಿಗ್ಗೆ ಮೇಲ್ ತೆರೆಯಲು ಹೆದರಿಕೆಯಾಗುತ್ತಿತ್ತು.'

ಆಚೆ ಸಾವಂತ್ರವ್ವ ಒಡಲಿನ ಎಳೆಗೆ
ಸೆರಗಿನ ಎಳೆ ಕೂಡಿಸುತ್ತಿದ್ದಾಳೆ,
ಕೊಂಡಿಯೊಳಗೆ ಕೊಂಡಿ, ಉಟ್ಟವರಿಗೆ ಕಾಣದ ಹಾಗೆ.
'ಒಂದ ಬಿಟ್ರ ಇವತ್ತೇನೂ ಆಗೂದಿಲ್ಲವಾ,
ಮೂರ ಸಲ ಒಗದ ಮ್ಯಾಲ ಸೆರಗ ಕೈಯಾಗ ಬರ್ತೈತಿ.'
ನಡುವೆ ಮೊಮ್ಮಗನಿಗೆ:
'ಏ ಮಂಗ್ಯಾನ ಮಗನ, ಕಂದೀಲ ಇತ್ತಾಗ ಹಿಡಿಯೋ,
ನಿನ್ನ ಕಣ್ಣಾಗ ಮಣ್ಣ ಬೀಳ್ಲಿ!'
ಅವನು ನಗುತ್ತ ಇನ್ನಷ್ಟು ಒತ್ತಿ ಕೂರುತ್ತಾನೆ.

ಪ್ರಬಂಧದ ಕೊನೆಗೆ ಒಂದು ಯಂತ್ರದ ಕೊಂಡಿಯೂ ಇದೆ,
ಮಾತಿನ ವಿಷ ಅಳೆಯುವುದಂತೆ, ಕನ್ನಡವೂ ಬರುತ್ತದಂತೆ.
ಮೊಬೈಲಿನ ನೆಟ್ಟು ಹಿಡಿದು ಮುದುಕಿಯ ಮಾತು ಹಾಕಿದೆ.
ಸೊನ್ನೆ ಪಾಯಿಂಟ್ ಒಂಬತ್ತು ಒಂದು.
ಕೆಂಪು ಗೆರೆ, ಎಚ್ಚರಿಕೆ.

ಆಮೇಲೆ, ಯಾಕೋ, ನನ್ನದೊಂದು.
ಹೋದ ವರ್ಷದ ಹಿಂದಿನ ವರ್ಷ ಯಾರೋ ಹೊಸಬ
ನನ್ನ ಪಂಚಾಂಗದ ಆ್ಯಪಿಗೆ ತಿದ್ದುಪಡಿ ಕಳಿಸಿದ್ದ,
ಅಕ್ಷರ ಅಕ್ಷರಕ್ಕೂ ತಪ್ಪು, ಒಳಗಿನ ಲೆಕ್ಕ ಮಾತ್ರ ಸರಿ.
ನಾನು ಬರೆದಿದ್ದೆ:
'ನಿಮ್ಮ ಆಸಕ್ತಿಗೆ ಧನ್ಯವಾದಗಳು.
ಇದು ಓದಿ ಬಂದವರ ಕೆಲಸ.
ತಾವು ಬೇರೆ ಹವ್ಯಾಸ ಹುಡುಕಿಕೊಂಡರೆ ಇಬ್ಬರಿಗೂ ಒಳಿತು.'
ಸೊನ್ನೆ ಪಾಯಿಂಟ್ ಸೊನ್ನೆ ಆರು.
ಹಸಿರು. ಕುಡಿಯಬಹುದು ಎಂಬಷ್ಟು ತಿಳಿ.

ಆತ ಮತ್ತೆ ಬರಲಿಲ್ಲ.
ಅವನ ಲೆಕ್ಕ ಆರು ತಿಂಗಳ ಮೇಲೆ ನಾನೇ ಸೇರಿಸಿದೆ,
ನನ್ನ ಹೆಸರಿನಲ್ಲಿ.

ಬ್ಯಾಟರಿ ನಾಲ್ಕಕ್ಕೆ ಇಳಿಯಿತು.
'ಏ ಹುಚ್ಚಖೋಡಿ, ಕತ್ತಲದಾಗ ಏನ ಓದ್ತಿ?
ಇಲ್ಲಿ ಬೆಳಕೈತಿ, ಬಾ.'
ಹೊಸ ಪತ್ರದಲ್ಲಿ 'ಪ್ರಿಯ' ಎಂದಷ್ಟು ಬರೆದಿದ್ದೆ.
ಮುಂದೆ ಹಾಕಲು ಹೆಸರು ಗೊತ್ತಿರಲಿಲ್ಲ.
ಪರದೆ ತಾನೇ ಆರಿತು.