ಎರಡಕ್ಕೆ, ನಾಲ್ಕಕ್ಕೆ

ಕ್ಲಬ್ಬಿಗೆ ದಿನಾ ಆರು ಸೇರು ಹಾಲು, ಬೇತಮಂಗಲದಿಂದ ಸೈಕಲ್ಲು.
ಅಡುಗೆಮನೆ ಬಾಗಿಲು ನನಗೂ ಸವರಿಮುತ್ತುವಿಗೂ ಒಂದೇ.
ನಾನು ಕ್ಯಾನು ಇಳಿಸಿ ವಾಪಸ್ಸು ಹೊರಡುವವನು,
ಅವನು ಪಾತ್ರೆ ತೊಳೆಯುವ ಕಲ್ಲು ದಾಟಿ
ಗಣಿಯ ಬೂಟು ಕಳಚಿ, ಬಿಳಿ ಷೂ ಮೆಟ್ಟಿ
ಸ್ಯಾವಿ ಆಗುವವನು.
ದೊಡ್ಡ ಡ್ರಮ್ಮಿನ ಮೇಲೆ ಹಾಗೇ ಬರೆದಿತ್ತು, ಕೆಂಪಕ್ಷರ.
ಗಿಟಾರಿನ ಕ್ಲೈವ್ ಪ್ಲಾಟೆಲ್ ಬರೆಸಿದ್ದು.
ಪೂರ್ತಿ ಹೆಸರಿಗೆ ಜಾಗ ಸಾಲಲಿಲ್ಲವಂತೆ.

ವಾರವಿಡೀ ಚಾಂಪಿಯನ್ ರೀಫಿನ ತಳದಲ್ಲಿ ಡ್ರಿಲ್ಲು ಹಿಡಿದ ಕೈ,
ಶನಿವಾರ ಬ್ರಷ್ಷು ಹಿಡಿದರೂ ನಡುಕ ಬಿಡದು.
"ಬಿಡಿಸೋದ್ಯಾಕೆ? ಅದನ್ನೇ ಬಾರಿಸ್ತೀನಿ" ಅಂದ.
ಆ ನಡುಕದಿಂದಲೇ ಮಾರಿಕುಪ್ಪಂ ಪ್ಯಾಸೆಂಜರು ಹೊರಡುತ್ತಿತ್ತು,
ಚುಕುಬುಕು ಅಲ್ಲ, ಅದಕ್ಕಿಂತ ತೆಳು,
ಒಣಗಿದ ರಾಗಿಹುಲ್ಲಿನ ಮೇಲೆ ಯಾರೋ ಓಡಿದ ಹಾಗೆ.
ಪಕ್ಕದಲ್ಲಿ ಆಳೆತ್ತರದ ಬೇಸು, ಅದರ ತಂತಿಗೆ ಕಪಾಳಮೋಕ್ಷ,
ನೆಲದ ತುಂಬ ಬುಗುರಿಯಾದ ಗೌನುಗಳು.
ರಾಕಬಿಲಿ ಅಂತಿದ್ದರು. ನಮಗೆ ರಾಕ್ ಅಂದರೆ ಒಂದೇ ಅರ್ಥ:
ನೆಲದಡಿ ಬಂಡೆ ಸಿಡಿದು, ಗೂಡಿನ ಲೋಟ ಅದುರಿ,
ಹೆಂಗಸರು ಶಾಫ್ಟಿನ ಕಡೆ ಓಡುವುದು.

ಆ ವರ್ಷ ನಮ್ಮ ಕೆಂದ ಹಸುವಿನ ಕರು ಸತ್ತಿತು.
ಅಮ್ಮ ಚರ್ಮಕ್ಕೆ ಹುಲ್ಲು ತುಂಬಿ ಹುಲ್ಲುಗರು ಮಾಡಿದಳು,
ಹಸು ಅದನ್ನೇ ನೆಕ್ಕಿ ನೆಕ್ಕಿ ಸೊರಬಿಟ್ಟಿತು.
ಬತ್ತಿದ ಮೇಲೆ ಅಪ್ಪ ಹೊಲಿಗೆ ಬಿಚ್ಚಿ, ಹುಲ್ಲು ತಿಪ್ಪೆಗೆ ಸುರಿದು,
ಚರ್ಮ ಮಾರಿದ, ಐದು ರೂಪಾಯಿಗೆ.
ಕೊಂಡವನು ಸವರಿಮುತ್ತು. ನೆನೆಸಿ, ಹೆರೆದು, ಬಿಗಿದ.
ಮೊದಲ ಶನಿವಾರ ನಾನು ಕಿಟಕಿಯ ಹೊರಗೆ
ಎರಡು ಕಿವಿಯನ್ನೂ ಮುಚ್ಚಿಕೊಂಡು ನಿಂತಿದ್ದೆ.

ಮಳೆಗಾಲದ ತೇವಕ್ಕೆ ಚರ್ಮ ಸಡಿಲಾದರೆ
ಕ್ಲಬ್ಬಿನ ಹಿತ್ತಲಲ್ಲಿ ಹುಲ್ಲು ಉರಿಸಿ ಕಾಯಿಸುವನು.
ಒಂದು ಸಂಜೆ ಅವನಪ್ಪ ಅಲ್ಲಿಗೇ ಬಂದ. ಕೆಮ್ಮು ನಿಂತ ಮೇಲೆ ಹೇಳಿದ:
"ಆರ್ಕಾಟಿನಲ್ಲಿ ಊರಿನ ಹೆಣಗಳ ಮುಂದೆ ಪರೈ ಬಡಿದೋರು ನಾವು.
ಅದನ್ನ ಕೊರಳಿಂದ ಕಿತ್ತಾಕೋಕೆ ಎಂಟು ಸಾವಿರ ಅಡಿ ಇಳಿದೆ.
ನೀನು ಷೂ ಹಾಕ್ಕೊಂಡು ಮತ್ತೆ ನೇತಾಕ್ಕೊಂಡೆ."
ಸವರಿ ಉತ್ತರ ಕೊಡಲಿಲ್ಲ.
ಬೆಂಕಿಗೆ ಇನ್ನೊಂದು ಹಿಡಿ ಹುಲ್ಲು.

ನನಗೆ ಅವನು ಹೇಳಿಕೊಟ್ಟದ್ದು, ಖಾಲಿ ಕ್ಯಾನಿನ ಮೇಲೆ, ಇಷ್ಟೇ:
"ಒಂದು, ಮೂರು ದೊರೆಗಳಿಗೆ ಬಿಟ್ಬಿಡು.
ಎರಡು, ನಾಲ್ಕು ನಮ್ದು."

ಮದ್ರಾಸಿಗೆ ಹೋಗಿ ಒಂದು ರೆಕಾರ್ಡೂ ಆಯಿತು.
ಸದ್ದು ಜಾಸ್ತಿಯೆಂದು ಇವನನ್ನು ವೆರಾಂಡದಲ್ಲಿ ಕೂರಿಸಿದರಂತೆ.
ಈಗ ಕೇಳಿದರೆ ಪಕ್ಕದ ಮನೆಯಲ್ಲಿ
ಯಾರೋ ಶುಂಠಿ ಜಜ್ಜುತ್ತಿರುವ ಹಾಗಿದೆ.

ಆಮೇಲೆ ಪ್ಲಾಟೆಲ್ ಮನೆಯವರು ಪರ್ತಿನ ಹಡಗು ಹತ್ತಿದರು,
ಬೇಸಿನವನು ಜೋಲಾರಪೇಟೆಯಲ್ಲಿ ರೈಲ್ವೆ ಗುಮಾಸ್ತ.
ಕುಣಿದ ನೆಲಕ್ಕೆ ಷಟಲ್ ಗೆರೆ ಎಳೆದರು.
ಬಾಕಿ ದುಡ್ಡಿನ ಲೆಕ್ಕಕ್ಕೆ ಡ್ರಮ್ಮು ಇವನ ಪಾಲಾಯಿತು.
ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ,
ಮದುವೆ ಆರ್ಕೆಸ್ಟ್ರಾಗಳಲ್ಲಿ ಇಪ್ಪತ್ತು ವರ್ಷ.
ಯಾವ ಹಾಡು ಕೊಟ್ಟರೂ ಎರಡನೇ ಚರಣಕ್ಕೆ ರೈಲು ಹತ್ತಿಸುವನು.
ಹಾಡುವವರು ಬಯ್ಯುತ್ತಿದ್ದರು.
ಬಡಿಸುವವರು ಸಾರಿನ ಬಕೆಟ್ಟು ಹಿಡಿದೇ ಕುಣಿಯುತ್ತಿದ್ದರು.

ಅಪ್ಪ ಹೋದಾಗ ಮಾತ್ರ
ಆಂಡರ್ಸನ್‌ಪೇಟೆಯಿಂದ ಸಮಾಧಿಯವರೆಗೂ
ಎರಡೂ ಕೈಗಳನ್ನು ಕಂಕುಳಲ್ಲಿ ಒತ್ತಿಕೊಂಡು ನಡೆದ,
ಚಳಿಯಾದವನ ಹಾಗೆ. ಏಪ್ರಿಲ್ಲಿನ ಮಟಮಟ ಮಧ್ಯಾಹ್ನ.

ಗಣಿ ಮುಚ್ಚಿದ ವರ್ಷ ನನ್ನನ್ನು ಕರೆಸಿದ.
ಎದೆಯೊಳಗೆ ಕಲ್ಲಿನ ಹುಡಿ; ಉಸಿರು
ಎರಡಕ್ಕೆ ಬರುತ್ತಿತ್ತು, ನಾಲ್ಕಕ್ಕೆ ತಪ್ಪುತ್ತಿತ್ತು.
ಮಂಚದಡಿಯಿಂದ ಡ್ರಮ್ಮು ಎಳೆದು, ಬಳೆ ಸಡಿಲಿಸಿ
ಚರ್ಮ ಬಿಚ್ಚಿದ. 'ಸ್ಯಾ' ಉಳಿದಿತ್ತು, 'ವಿ' ಹರಿದಿತ್ತು.
ಬಳೆ ಮುಚ್ಚಿದ್ದ ಅಂಚಿನಲ್ಲಿ ಕೆಂದ ಕೂದಲು ನಾಲ್ಕೈದು.
"ತಗೋ, ನಿಮ್ಮ ಕರು" ಅಂದ.
"ನನ್ನ ಐದು ರೂಪಾಯಿ ವಾಪಸ್ ಕೊಡು."

ಕೊಟ್ಟೆ, ಚಿಲ್ಲರೆಯಲ್ಲಿ.
ನಗಲಿಲ್ಲ ಅವನು. ಎಣಿಸಿಕೊಂಡ.