ಕೋಣೆಯ ಸದ್ದು

ಮಾತು ಮುಗಿದ ಮೇಲೆ ಒಂದು ನಿಮಿಷ
ಯಾರೂ ಏನೂ ಆಡಬಾರದು.
ಇದು ನಮ್ಮ ರೇಡಿಯೋ ಕಸುಬಿನ ಶಾಸ್ತ್ರ.
ಸುಮ್ಮನಿರುವ ಕೋಣೆಗೂ ಒಂದು ದನಿಯುಂಟು,
ಅದನ್ನೂ ತುಂಬಿಕೊಂಡು ಹೋಗಬೇಕು;
ಆಮೇಲೆ ಮಾತು ಕತ್ತರಿಸಿದಲ್ಲಿ
ತೇಪೆ ಹಾಕಲು ಬೇಕಾಗುತ್ತದೆ.

ಗೌರಿಪಾಳ್ಯದ ಶೀಟಿನ ಮನೆ, ಹತ್ತಡಿಗೆ ಎಂಟಡಿ.
ಬಿಚ್ಚಿದ ಕಂಪ್ಯೂಟರುಗಳ ಹಸಿರು ಹಲಗೆ
ದೋಸೆ ಹಂಚಿನ ಪಕ್ಕದಲ್ಲೇ ಪೇರಿಸಿದ್ದವು.
ನೀಲಿ ಡ್ರಮ್ಮಿನಲ್ಲಿ ಆಸಿಡ್ಡು.
ನಲವತ್ತು ನಿಮಿಷ ಮಾತಾಡಿದಳು,
ಅರ್ಧ ಕನ್ನಡ, ಅರ್ಧ ದಖನಿ,
ಚಿಮಟ ಹಿಡಿದ ಕೈ ನಿಲ್ಲಿಸದೆ:
ಯಾವ ಗೋಡೌನು, ಯಾರ ಲಾರಿ, ರಾತ್ರಿ ಎಷ್ಟು ಗಂಟೆಗೆ,
ಕಿಲೋಗೆ ಎಷ್ಟು,
ಪೆಟ್ಟಿಗೆಗೆ ಅಂಟಿಸಿದ್ದ ಚೀಟಿಯಲ್ಲಿ
ಯಾವ ದೇಶದ ಯಾವ ಶಾಲೆಯ ಹೆಸರಿತ್ತು.
ಆ ಚೀಟಿಯನ್ನೂ ಕಿತ್ತು ಇಟ್ಟುಕೊಂಡಿದ್ದಳು,
ರೇಷನ್ ಕಾರ್ಡಿನ ಮಡಿಕೆಯೊಳಗೆ.
(ಅವಳ ಹೆಸರು ಕೇಳಬೇಡಿ. ಇಲ್ಲೂ ಬರೆಯುವುದಿಲ್ಲ.)

“ಈಗ ಒಂದು ನಿಮಿಷ ಸುಮ್ಮನಿರಿ” ಅಂದೆ.
ಹದಿನೈದನೇ ಸೆಕೆಂಡಿಗೆ
ಹೊರಗೆ ನಲ್ಲಿ ಗೊರಗುಟ್ಟಿತು, ಗಾಳಿ ಕೆಮ್ಮಿತು,
ಆಮೇಲೆ ನೀರು.
ಮೂರು ದಿನಕ್ಕೊಮ್ಮೆ ಬರುವ ಕಾವೇರಿ!
ಗಲ್ಲಿಯ ತುಂಬ ಕೊಡಗಳ ಓಟ.
ಅವಳ ಕಣ್ಣು ಬಾಗಿಲಿಗೆ ಹೋಯಿತು, ನನ್ನತ್ತ ಬಂತು,
ಮತ್ತೆ ಬಾಗಿಲಿಗೆ.
ನಾನು ಬೆರಳೆತ್ತಿದೆ: ಇನ್ನು ಸ್ವಲ್ಪ.
ಕೂತೇ ಇದ್ದಳು.
ಹೆಡ್‌ಫೋನಿನೊಳಗೆ
ಬೇರೆಯವರ ಕೊಡ ತುಂಬುವ ಸದ್ದು
ಎಷ್ಟು ಚೆನ್ನಾಗಿ ಬಂತು ಅಂತೀರಿ.

ಲಿಂಗರಾಜಪುರದಲ್ಲಿ ಮೆಟ್ಟಿಲ ಕೆಳಗಿನ ಸ್ಟುಡಿಯೋ,
ಗೋಡೆಗೆ ಹಳೆಯ ಹಾಸಿಗೆ.
ದೇವಸಹಾಯಂ ದರ್ಜಿಯ ಹಾಗೆ ಬಗ್ಗಿ ಕೂತಿದ್ದ ಕಂಪ್ಯೂಟರಿನ ಮುಂದೆ
(ಅದೂ ಮುಂದಿನ ವರ್ಷ ಗೌರಿಪಾಳ್ಯಕ್ಕೇ).
ಸಮುದ್ರದಾಚೆ ಸಂಪಾದಕಿ, ಅವಳ ಪಕ್ಕ ವಕೀಲ.
ಅದು ಕಸವೋ, ದಾನವೋ, ಮರುಬಳಕೆಯ ಸರಕೋ
ಮೂರು ದೇಶದ ಪಂಡಿತರು ಇನ್ನೂ ಒಪ್ಪಿಲ್ಲ;
ಆದ್ದರಿಂದ ಕಸ ಅನ್ನಬೇಡಿ, ಸಾಮಗ್ರಿ ಅನ್ನಿ.
ಕಂಪನಿಗೆ ಹನ್ನೊಂದು ಪ್ರಶ್ನೆ ಕಳಿಸಿದ್ದೆವು,
ಒಂದೇ ವಾಕ್ಯ ಬಂತು ಉತ್ತರ.
ಅದನ್ನು ಮಾತ್ರ ಪೂರ್ತಿ ಓದಬೇಕು.
ಗೋಡೌನು ತೆಗೆಯಿರಿ. ತೆಗೆದೆವು.
ಲಾರಿ ನಂಬರು. ತೆಗೆದೆವು.
ಶಾಲೆಯ ಹೆಸರು? ಪಾಪ, ಮಕ್ಕಳಿದ್ದಾರೆ, ಬೇಡ.
ಅವಳ ದನಿಯನ್ನು ಗುರುತು ಸಿಗದಷ್ಟು ತಗ್ಗಿಸಿ ಎಂದವನು
ವಕೀಲನಲ್ಲ, ನಾನೇ.
ಅವನು ಒಳ್ಳೆಯ ಮನುಷ್ಯ. ಹೇಳಿದ್ದೆಲ್ಲ ಸರಿ.
ಅದೇ ಕಷ್ಟ.

ನಲವತ್ತು ನಿಮಿಷ ನಾಲ್ಕಾಯಿತು.
ಕತ್ತರಿಸಿದಲ್ಲೆಲ್ಲ ದೇವಸಹಾಯಂ
ಕೋಣೆಯ ಸದ್ದಿನ ಒಂದೊಂದು ಚೂರಿಟ್ಟು ಹೊಲಿದ,
ಹೊಲಿಗೆ ಕಾಣದ ಹಾಗೆ.

ಪ್ರಸಾರವಾದ ವಾರಕ್ಕೆ ಫೋನಿನಲ್ಲಿ ಕೇಳಿಸಿದೆ.
ಇಂಗ್ಲಿಷಿನ ಹೆಂಗಸೊಬ್ಬಳು ಅವಳಾಗಿ ಮಾತಾಡುತ್ತಿದ್ದಳು;
ಅದರಡಿಯಲ್ಲಿ, ಬಾವಿಯ ತಳದಲ್ಲಿ ಎಂಬಂತೆ,
ಅವಳದಲ್ಲದ ಅವಳ ದನಿ.
ಬಂದವರ ಮಾತಿಗೆ ಹೂಂಗುಡುವಂತೆ
ತಲೆಯಾಡಿಸುತ್ತ ಕೇಳಿದಳು.
ಲಾರಿಯ ನಂಬರು ಇದ್ದ ಜಾಗ ಬಂತು.
ಥಟ್ಟನೆ ನನ್ನ ಮಣಿಕಟ್ಟು ಹಿಡಿದಳು:
“ಏ, ಇದು ನಮ್ಮ ನಲ್ಲಿ!”
ಹಿಂದಕ್ಕೆ ಹಾಕಿಸಿ ಕೇಳಿದಳು. ಮತ್ತೊಮ್ಮೆ.
“ಅವತ್ತು ನಂಗೆ ಎರಡೇ ಕೊಡ ಸಿಕ್ಕಿದ್ದು, ಗೊತ್ತಾ?”

ನಗುತ್ತ ಅಂದಳೋ, ಬೈದು ಅಂದಳೋ,
ಇವತ್ತಿಗೂ ಆಣೆಯಿಟ್ಟು ಹೇಳಲಾರೆ.
ಯಂತ್ರ ಚೀಲದಲ್ಲಿತ್ತು.