ನಾಯಿಯ ಬಣ್ಣ

ಗೋಣಿಕೊಪ್ಪದ ಸಂತೆ ಮುಗಿಸಿ, ಚೀಲಗಳನ್ನು ಕಾಲ ಬಳಿ ಇಟ್ಟು
ಅಕ್ಕ ತಂಗಿ ಕೂತರು ನನ್ನ ಮಾನಿಟರಿನ ಮುಂದೆ.
ಯಾವುದೋ ಕೈಲ್ ಪೊಳ್ದಿನ ಪಟ;
ಮೂಲೆಯ ಆಕಾಶವನ್ನು ಗೆದ್ದಲು ತಿಂದಿದೆ.

ಅಪ್ಪನ ಕುಪ್ಯ ಕಪ್ಪು. ಅದಕ್ಕೆ ನನ್ನ ಹಂಗಿಲ್ಲ.
ಚೇಲೆಗೆ ಕೆಂಪು ಎಳೆದೆ,
ಕೋವಿಯ ತುದಿಯ ತೋಕ್ ಪೂವಿಗೆ
ಮೇಲೆ ಬೆಂಕಿ, ಬುಡಕ್ಕೆ ಅರಿಶಿನ.
ಮುಖಗಳಿಗೆ ಅರ್ಧ ಗಂಟೆ ಹಿಡಿಯಿತು,
ಪದರದ ಮೇಲೆ ಪದರ, ತೆಳ್ಳಗೆ, ಇನ್ನೂ ತೆಳ್ಳಗೆ.

‘ಅವ್ವನ ಸೀರೆ?’
‘ಕೆಂಪು,’ ಎಂದಳು ಚೋಂದಮ್ಮ.
‘ಹಸಿರು. ಪೆಟ್ಟಿಗೆಯಲ್ಲಿ ನಾನೇ ಮುಟ್ಟಿದ್ದೇನೆ.’
‘ನೀನು ಮುಟ್ಟಿದ್ದು ಚಿಕ್ಕವ್ವನದು.’

ಬೂದಿಗೆ ಎರಡೂ ಒಂದೇ.
ಎರಡು ಫೈಲ್ ಮಾಡಿ ಪಕ್ಕಪಕ್ಕ ತೆರೆದೆ.
ನೋಡಿದರು. ಬಹಳ ಹೊತ್ತು ನೋಡಿದರು.
ಎರಡರಲ್ಲೂ ಅವ್ವ
ಯಾರದೋ ಮನೆಗೆ ನೆಂಟಳಾಗಿ ಬಂದವಳಂತೆ ನಿಂತಿದ್ದಳು.
‘ತೆಗಿ ಮಾರಾಯ,’ ಎಂದಳು ಬೊಳ್ಳಮ್ಮ,
‘ಎಲ್ಲ ತೆಗಿ. ಹೂವೂ ಬೇಡ.’

ತೆಗೆದೆ. ಕರ್ಸರ್ ನಾಯಿಯ ಮೇಲೆ ನಿಂತಿತ್ತು.
‘ಅಯ್ಯೋ, ಮೇಜರ್!’
‘ಬೆಲ್ಲದ ಬಣ್ಣ, ಹಳೇ ಬೆಲ್ಲ.’
‘ಎಡಗಿವಿ ಬಿಳಿ.’
‘ಪೂರ್ತಿ ಅಲ್ಲ, ತುದಿ.’
‘ಹಾಂ, ತುದಿ. ಇನ್ನೂ ಸ್ವಲ್ಪ ಗಾಢ ಮಾಡು. ಹಾಂ.’
ಒಬ್ಬಳ ಮಾತನ್ನು ಇನ್ನೊಬ್ಬಳು ಮುಗಿಸುತ್ತಿದ್ದಳು.
ಅವತ್ತು ಬಾಲ ಅಲ್ಲಾಡಿಸಿದೆ, ಅಲ್ಲಿ ಬರೀ ಮಸುಕು;
ಮಸುಕಿಗೂ ಬೆಲ್ಲ ಹಚ್ಚಿದೆ.

ಪ್ರಿಂಟು ಬಿಸಿಬಿಸಿ ಹೊರಬಂತು:
ಇಡೀ ಒಕ್ಕ ಬೂದು,
ನಡುವೆ ಒಂದು ನಾಯಿ.
‘ಎಷ್ಟಾಯ್ತು?’ ಎಂದರು.
ಬೆಲೆಪಟ್ಟಿ ನೋಡಿದೆ,
ನಾಯಿಗೆಂದು ಏನೂ ಬರೆದಿರಲಿಲ್ಲ.